ಕುಡಿಯದೆ ತೂರಾಡಿದ ಆಷಾಢ

ಆಗ ನನಗೆ ಅರವತ್ತೆರಡು ವರ್ಷ. ಆ ಆಷಾಢ ಕಳೆದು ಈಗ ಒಂಬತ್ತು ವರ್ಷವಾಯಿತು. ದಿನಾ ನೆನೆಯುತ್ತಿದ್ದೆ ಎಂದರೆ ಸುಳ್ಳು. ಮರೆತಿದ್ದೆ ಎಂದರೆ ಅದೂ ಸುಳ್ಳು. ಹೋದ ವಾರ ಬಾಳೆ ಎಲೆ ತರಲು ಮಾರ್ಕೆಟ್ಟಿಗೆ ಹೋಗಿದ್ದೆ. ಪಕ್ಕದ ಅಂಗಡಿಯವನು ಕಳಿತು ನೀರಾದ ಅನಾನಸ್ ಹಣ್ಣುಗಳನ್ನು ಆರಿಸಿ ಬುಟ್ಟಿಗೆ ಎಸೆಯುತ್ತಿದ್ದ. ಸಿಹಿಯೂ ಹುಳಿಯೂ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ಎಲೆ ಮಾರುವವಳು "ಎಷ್ಟು ಕಟ್ಟು ಕೊಡ್ಲಮ್ಮ?" ಎಂದು ಎರಡು ಸಲ ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ಇದೇ ವಾಸನೆ ನನ್ನ ಅಳಿಯ ಶಿವಸ್ವಾಮಿಯ ಬಾಯಿಂದ ಬಂದಿತ್ತು. ಬಂದ ಆ ಸಂಜೆಯೇ ನಾನು ಅವನನ್ನು ಮನೆಯಿಂದ ಹೊರಗೆ ಹಾಕಿದ್ದೆ.

ನಾನು ಛತ್ರಗಳಲ್ಲಿ ಅಡುಗೆ ಮಾಡುವವಳು. ಗಂಡ ಸತ್ತ ವರ್ಷ ಹಿಡಿದ ಸೌಟು. ಐನೂರು ಜನರ ಸಾರಿಗೂ ಉಪ್ಪನ್ನು ಕೈಯಲ್ಲೇ ಅಂದಾಜು ಮಾಡಿ ಹಾಕುತ್ತೇನೆ. ನಾಲಿಗೆಗೆ ಹಚ್ಚಿ ನೋಡುವುದಿಲ್ಲ, ಹಬೆಯ ಮೇಲೆ ಮುಖ ಇಟ್ಟರೆ ಸಾಕು, ಹೆಚ್ಚೋ ಕಮ್ಮಿಯೋ ಗೊತ್ತಾಗುತ್ತದೆ. ಆ ಮೂಗಿನ ಮೇಲೆ ನನಗೆ ಬಹಳ ಜಂಬವಿತ್ತು. ಆಷಾಢ ಬಂದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಛತ್ರಗಳಿಗೆ ಬೀಗ. ಒಂದು ತಿಂಗಳು ಮನೆಯಲ್ಲೇ ಇರಬೇಕು. ನನಗೆ ಕೂರಲು ಬರುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ, ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿಯುತ್ತೇನೆ. ಆ ವರ್ಷ ನನ್ನ ಕೈಗೆ ಸಿಕ್ಕಿದವನು ಅಳಿಯ.

ನಾವಿದ್ದದ್ದು ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ವಠಾರದಲ್ಲಿ. ಐದು ಮನೆ, ಅಂಗಳದಲ್ಲಿ ಒಂದು ನಲ್ಲಿ. ನಾನು, ನನ್ನ ಒಬ್ಬಳೇ ಮಗಳು ಮಂಗಳ, ಅವಳ ಗಂಡ ಶಿವಸ್ವಾಮಿ. ಅವರಿಗೆ ಮಕ್ಕಳಾಗಲಿಲ್ಲ. ಇಬ್ಬರೂ ಹೆಬ್ಬಾಳದ ಕಡೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದವರು. ಅವಳು ಪ್ಯಾಕಿಂಗಿಗೆ, ಅವನು ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿಗೆ. ಒಳ್ಳೆಯ ಕೆಲಸಗಾರ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದನಂತೆ. ಎದುರಿಗೆ ನಾನು ಅವನಿಗೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದೆ. ಅಳಿಯನಿಗೆ ಹಾಗೇ ಅನ್ನಬೇಕು. ಮನಸ್ಸಿನೊಳಗೆ ಮಾತ್ರ ಯಾವಾಗಲೂ "ಬಂದ, ಕೂತ". ಇಲ್ಲಿಯೂ ಹಾಗೇ ಬರೆಯುತ್ತೇನೆ.

ಮೊದಲು ಸಂಜೆ ಕುಡಿಯುತ್ತಿದ್ದ. ಆಮೇಲೆ ಮಧ್ಯಾಹ್ನ. ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ. ಕೈ ನಡುಗಲು ಶುರುವಾದ ಮೇಲೆ ಲೇತ್ ಹತ್ತಿರ ಯಾರು ಬಿಡುತ್ತಾರೆ? ಕೆಲಸ ಹೋಯಿತು. ಕುಡಿತದ ಜೊತೆ ಊಟವೂ ಹೋಯಿತು. ತಟ್ಟೆಯಲ್ಲಿ ಎರಡು ತುತ್ತು ಕಲಸಿ, ಆಚೆ ಈಚೆ ಸರಿಸಿ, "ಹೊಟ್ಟೆ ತುಂಬಿದೆ ಅತ್ತೆ" ಎಂದು ಎದ್ದುಬಿಡುತ್ತಿದ್ದ. ನಾನು ಐನೂರು ಜನಕ್ಕೆ ಬಡಿಸಿ ಬಂದವಳು, ನನ್ನ ಮನೆಯ ತಟ್ಟೆಯಲ್ಲಿ ಅನ್ನ ಒಣಗುತ್ತಿತ್ತು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಡಕೆಯಂತೆ ಮುಂದೆ ಬಂತು. ತುಟಿಯ ಕೊನೆಗಳು ಸೀಳಿದವು. ಹಲ್ಲುಜ್ಜಿ ಉಗಿದರೆ ರಕ್ತ. ಆದರೆ ಕುಡಿದಾಗ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ನಲ್ಲಿಗೂ ಬುದ್ಧಿ ಹೇಳುತ್ತಿದ್ದ, ಬೀದಿ ದೀಪಕ್ಕೂ ಹೇಳುತ್ತಿದ್ದ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವನ ಕಣ್ಣು ಹಳದಿಯಾದವು. ಮಂಗಳ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ನಡುಕ ನಿಲ್ಲುವವರೆಗೆ ಒಂದು ವಾರ ಅಲ್ಲೇ ಮಲಗಿಸಿಕೊಂಡರು. ಬಿಡುವ ದಿನ ಡಾಕ್ಟರು, ನನಗೊಬ್ಬಳು ಮೊಮ್ಮಗಳಿದ್ದಿದ್ದರೆ ಅವಳ ವಯಸ್ಸಿನ ಹುಡುಗಿ, ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು.

"ಇಷ್ಟು ವರ್ಷ ಇವರು ಊಟದ ಬದಲು ಕುಡಿದಿದ್ದಾರೆ. ತಿಂದ ಸ್ವಲ್ಪನೂ ಕರುಳು ಹಿಡ್ಕೊಂಡಿಲ್ಲ. ಮೈಯಲ್ಲಿ ಏನೂ ಉಳಿದಿಲ್ಲ. ಕುಡಿಯೋದು ಬಿಡಿಸಿದ್ರೆ ಅರ್ಧ ಕೆಲಸ ಆಯ್ತು, ತಿನ್ನಿಸಿದ್ರೆ ಇನ್ನರ್ಧ. ಬೇಳೆ, ಕಾಳು, ಸೊಪ್ಪು, ಹಾಲು ಎಲ್ಲಾ ಕೊಡಿ. ಈ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ."

ನಾನು ತಲೆಯಾಡಿಸಿದೆ. ಅಡುಗೆಯವಳಿಗೆ ಊಟದ ವಿಷಯ ಹೇಳಲು ಬಂದಿದ್ದಾಳೆ ಈ ಹುಡುಗಿ, ಎಂದುಕೊಂಡೆ.

ಮನೆಗೆ ಬಂದು ಮಂಗಳ ಗಂಡನ ಮುಂದೆ ಚಾಪೆ ಹಾಕಿಕೊಂಡು ಕೂತಳು. "ನೋಡಿ, ಇಪ್ಪತ್ತು ವರ್ಷ ಆಯ್ತು. ಇನ್ನೊಂದು ಸಲ ಕುಡಿದ್ರೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ. ನಾನು ಶಿಫ್ಟಿಗೆ ಹೋಗಿರ್ತೀನಿ. ಅಮ್ಮ ಇರ್ತಾಳೆ. ಅಮ್ಮ, ವಾಸನೆ ಬಂತು ಅಂದ್ರೆ ನನಗೆ ಕಾಯ್ಬೇಡ. ಬಟ್ಟೆ ಚೀಲ ಹೊರಗಿಡು."

"ಆಯ್ತು ಕಣೆ, ಅತ್ತೆ ಮೂಗಿಗೆ ಒಪ್ಪಿಸ್ಬುಟ್ಟೆಯಲ್ಲ ನನ್ನ" ಎಂದ ಶಿವಸ್ವಾಮಿ. ನಕ್ಕ. ಆದರೆ ಮಾತು ಕೊಟ್ಟ.

ಅಲ್ಲಿಗೆ ಅವನ ಬದುಕು ನನ್ನ ಕೈಗೆ ಬಂತು. ದಿನಾ ಸಂಜೆ ಸ್ಟೇಷನ್ನಿನವರೆಗೆ ಒಂದು ಸುತ್ತು ಹೋಗಿ ಬರುತ್ತಿದ್ದ. ಹೊಸಿಲ ಬಳಿ ನಿಲ್ಲಿಸಿ "ಊದಿ" ಎನ್ನುತ್ತಿದ್ದೆ. ಊದುತ್ತಿದ್ದ. ಒಂದು ದಿನ, "ಅತ್ತೆ, ಪೊಲೀಸ್ನೋರು ಮಿಷಿನ್ ಇಡ್ತಾರೆ, ನೀವು ಮೂಗಿಡ್ತೀರ, ಅಷ್ಟೇ ವ್ಯತ್ಯಾಸ" ಎಂದ. ನಾನು ನಗಲಿಲ್ಲ. ನಗುವವಳ ಕೈಗೆ ಇಂಥ ಕೆಲಸ ಕೊಡುವುದಿಲ್ಲ.

ಪಕ್ಕದ ಮನೆಯ ನಾಗರತ್ನಮ್ಮನಿಗೆ ಇದೆಲ್ಲ ನೋಡಲು ಬಹಳ ಚೆಂದ. "ಗೌರಮ್ಮನೋರೇ, ಆಷಾಢದಲ್ಲಿ ಅತ್ತೆ ಅಳಿಯ ಒಂದು ಹೊಸ್ಲು ದಾಟ್ಬಾರ್ದು ಕಣ್ರೀ" ಎಂದಳು.

"ಇಪ್ಪತ್ತು ವರ್ಷದ ಅಳಿಯ. ಹೊಸ್ಲೇ ಸವೆದೋಗಿದೆ, ದಾಟಕ್ಕೆ ಏನಿದೆ?" ಎಂದೆ.

ಕಾಮಾಲೆಗೆ ನಾಟಿ ಔಷಧಿ ತಂದುಕೊಟ್ಟವಳೂ ಅವಳೇ. ಅವಳ ತವರಿನ ಕಡೆ ಒಬ್ಬರು ಭಾನುವಾರ ಬೆಳಿಗ್ಗೆ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಔಷಧಿಗಿಂತ ಪಥ್ಯ ದೊಡ್ಡದು. ನಲವತ್ತೆಂಟು ದಿನ ಎಣ್ಣೆ ಇಲ್ಲ, ಉಪ್ಪು ಇಲ್ಲ, ಒಗ್ಗರಣೆ ಇಲ್ಲ. ಮುಖ್ಯವಾಗಿ ಹಳದಿ ಬಣ್ಣದ್ದು ಏನೂ ಒಳಗೆ ಹೋಗಬಾರದು. ಅರಿಶಿನ ಬೇಡ, ತೊಗರಿಬೇಳೆ ಬೇಡ, ಕುಂಬಳಕಾಯಿ ಬೇಡ, ಬಾಳೆಹಣ್ಣು ಬೇಡ. ಹಳದಿ ರೋಗಕ್ಕೆ ಹಳದಿ ಕೊಟ್ಟರೆ ಉರಿಯುವ ಒಲೆಗೆ ಸೌದೆ ಇಟ್ಟಂತೆ ಎಂದರು. ನಮ್ಮಮ್ಮನೂ ಹಾಗೇ ಹೇಳುತ್ತಿದ್ದಳು. ಇದು ನನಗೆ ಗೊತ್ತಿದ್ದ ವಿದ್ಯೆ. ಡಾಕ್ಟರ ಮಾತು ಹೊಸದು, ಇದು ಹಳೆಯದು. ನಾನು ಹಳೆಯದನ್ನು ಹಿಡಿದೆ.

ಬೆಳಿಗ್ಗೆ ತೆಳ್ಳನೆ ಗಂಜಿ. ಮಧ್ಯಾಹ್ನ ಬಿಳಿ ಅನ್ನ, ನೀರು ಮಜ್ಜಿಗೆ. ರಾತ್ರಿ ಮತ್ತೆ ಗಂಜಿ. ಅಕ್ಕಿ ಮಾತ್ರ ಒಳ್ಳೆಯದೇ, ಮಲ್ಲಿಗೆ ಮೊಗ್ಗಿನ ಹಾಗೆ ಪಾಲಿಶ್ ಮಾಡಿದ ಸಣ್ಣಕ್ಕಿ. ಅಳಿಯನಿಗೆ ದಪ್ಪಕ್ಕಿ ಹಾಕಿದೆ ಎಂದು ಯಾರೂ ಅನ್ನಬಾರದು.

ಹತ್ತು ದಿನ ಕಳೆದಿರಬೇಕು. ಬಚ್ಚಲ ಮನೆಯಿಂದ ಬಂದವನು ಮುಖ ಸಣ್ಣ ಮಾಡಿಕೊಂಡು ನಿಂತ. "ಅತ್ತೆ, ಹೇಳಕ್ಕೆ ನಾಚಿಕೆ. ಮೂತ್ರ ಅರಿಶಿನ ಕಲಸಿದ ನೀರಿನ ಹಾಗೆ ಹೋಗ್ತಿದೆ."

ಪಥ್ಯದಲ್ಲಿ ಎಲ್ಲಿ ತಪ್ಪಿತು? ಪಾತ್ರೆಪಾತ್ರೆ ಮೂಸಿದೆ. ಸೌಟಿಗೆ ಅರಿಶಿನ ಅಂಟಿತ್ತೋ ಎಂದು ಬೂದಿ ಹಾಕಿ ಉಜ್ಜಿದೆ. ಆಮೇಲೆ ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿ ಕಣ್ಣಿಗೆ ಬಿತ್ತು. ಒಂದನ್ನು ಮುರಿದು ನೋಡಿದೆ. ಒಳಗೆಲ್ಲ ಹಳದಿ! ನಾನು ಬೇಳೆ ಬಿಡಿಸಿ, ಬಾಳೆಹಣ್ಣು ಬಿಡಿಸಿ ಕಾಯುತ್ತಿದ್ದೇನೆ, ಆಸ್ಪತ್ರೆಯವರು ದಿನಕ್ಕೆರಡು ಹಳದಿ ಗುಂಡು ನುಂಗಿಸುತ್ತಿದ್ದಾರೆ. ಆವತ್ತೇ ನಿಲ್ಲಿಸಿದೆ. ಪಟ್ಟಿಯಲ್ಲಿದ್ದ ಅಷ್ಟನ್ನೂ ಒತ್ತಿ ಒತ್ತಿ ತೆಗೆದು ಮೋರಿಗೆ ಬಿಟ್ಟೆ. ಮಂಗಳನಿಗೆ ಹೇಳಲಿಲ್ಲ. "ಮಾತ್ರೆ ಕೊಟ್ಯಾ?" ಎಂದು ದಿನಾ ಕೇಳುತ್ತಿದ್ದಳು. "ಕೊಟ್ಟೆ" ಎನ್ನುತ್ತಿದ್ದೆ. ಮಾರನೆಯ ದಿನಕ್ಕೇ ಆ ಹಳದಿ ನಿಂತಿತು. "ತಿಳಿಯಾಯ್ತು ಅತ್ತೆ" ಎಂದ. ನೋಡಿದಿರಾ, ಎಂದು ನಾನು ನನ್ನ ಮೂಗನ್ನೇ ಹೊಗಳಿಕೊಂಡೆ.

ಕಣ್ಣಿನ ಹಳದಿಯೂ ಇಳಿಯುತ್ತಿತ್ತು. ಕುಡಿತ ಬಿಟ್ಟಿದ್ದಕ್ಕೆ ಇಳಿದದ್ದು. ನಾನು ಪಥ್ಯದ ಲೆಕ್ಕಕ್ಕೆ ಬರೆದುಕೊಂಡೆ.

ಆದರೆ ಮನುಷ್ಯ ಏಳುತ್ತಿರಲಿಲ್ಲ. ಆಷಾಢದ ಗಾಳಿ ಬೀಸುತ್ತಿತ್ತು, ಹೊತ್ತು ಗೊತ್ತಿಲ್ಲದೆ ಜಿಟಿಜಿಟಿ ಮಳೆ, ಬಟ್ಟೆ ಒಣಗುತ್ತಿರಲಿಲ್ಲ. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಅವನು ಗೋಡೆಗೆ ಒರಗಿ ಕೂತು ನನ್ನ ಓಡಾಟ ನೋಡುತ್ತಿದ್ದ. ಕಾಲು ಜೋಮು ಹಿಡಿಯುತ್ತದೆ ಎಂದ. ಗಂಜಿ ಕಂಡರೆ ವಾಕರಿಕೆ ಎಂದ. ಸುಸ್ತಿಗೆ ಗ್ಲೂಕೋಸ್ ಪುಡಿ ತಂದು ನೀರಿಗೆ ಕಲಸಿ ಕುಡಿಸಿದೆ. ಲೋಟದ ಮೇಲೆ ಲೋಟ. ಅದು ಬಿಳಿ, ಪಥ್ಯಕ್ಕೆ ಅಡ್ಡಿಯಿಲ್ಲ. ನಾಲ್ಕನೆಯ ವಾರದಲ್ಲಿ ಅದೂ ನಿಲ್ಲದಾಯಿತು. ಮೂರು ದಿನ ಕುಡಿದದ್ದೆಲ್ಲ ವಾಂತಿ.

"ಅತ್ತೆ, ನಲ್ಲಿ ಎರಡು ಕಾಣ್ತವೆ" ಎಂದ ಒಂದು ಬೆಳಿಗ್ಗೆ.

"ಎರಡಿದ್ರೆ ಒಳ್ಳೇದೇ ಆಯ್ತು, ನೀರಿಗೆ ಜಗಳ ಇರಲ್ಲ" ಎಂದೆ. ಇಂಥ ಮಾತು ಆಡಿದವಳು ನಾನೇ.

ಅದು ಆಷಾಢದ ಕೊನೆಯ ಶುಕ್ರವಾರ. ವಠಾರದ ಹೆಂಗಸರೆಲ್ಲ ಬೆಳಿಗ್ಗೆ ಎದ್ದು ಬೆಟ್ಟಕ್ಕೆ ಹೋಗಿ, ದೇವಿಯ ದರ್ಶನಕ್ಕೆ ಕ್ಯೂ ನಿಂತು, ಮಧ್ಯಾಹ್ನ ಕಾಲು ನೋವು ಎಂದುಕೊಂಡು ಬಂದು ಅಂಗಳದಲ್ಲಿ ಪ್ರಸಾದ ಹಂಚಿಕೊಳ್ಳುತ್ತ ಕೂತಿದ್ದರು. ಬೇಡವೆಂದರೂ ಕೇಳದೆ ಶಿವಸ್ವಾಮಿ ಸ್ವಲ್ಪ ಗಾಳಿಗೆ ಎಂದು ಬೀದಿಗೆ ಹೋಗಿದ್ದ. ಐದು ಗಂಟೆಗೆ ಬಂದ. ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ಎರಡು ಸಲ ಗೋಡೆ ಹಿಡಿದ. ಕಾಲು ಅಗಲ ಇಟ್ಟುಕೊಂಡು, ಓಲಾಡುತ್ತ, ಕೂತಿದ್ದ ಹೆಂಗಸರ ಪ್ರಸಾದದ ತಟ್ಟೆ ತುಳಿದ. ನಾಗರತ್ನಮ್ಮ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು.

"ಊದಿ" ಎಂದೆ.

ಊದಿದ. ಕೊಳೆತ ಹಣ್ಣಿನ ವಾಸನೆ. ಸಿಹಿ, ಹುಳಿ, ಘಾಟು.

ನನ್ನ ತಲೆ ತಿರುಗಿಬಿಟ್ಟಿತು. ಒಂದು ತಿಂಗಳ ಗಂಜಿ, ಒಂದು ತಿಂಗಳ ಕಾವಲು, ಎಲ್ಲ ಇವನು ಕುಡಿದು ಹಾಕಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಎದುರಿಗೆ ಏಕವಚನ ಹಾಕಿದೆ. "ಥೂ ಕುಡುಕ! ನನ್ನ ಮಗಳ ಬಾಳು ತಿಂದೆ, ಈಗ ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ನೋಡ್ರಮ್ಮ ಎಲ್ರೂ ನೋಡಿ, ಶುಕ್ರವಾರದ ದಿವಸ ಕುಡಿದು ಬಂದವ್ನೆ!"

"ಕುಡಿದಿಲ್ಲ ಅತ್ತೆ" ಎಂದ. ಒಂದೇ ಸಲ. ಮತ್ತೆ ಬಾಯಿ ತೆರೆಯಲಿಲ್ಲ.

ಬಟ್ಟೆ ಚೀಲ ತಂದು ಅಂಗಳಕ್ಕೆ ಎಸೆದೆ. ಬಾಗಿಲು ಹಾಕಿ ಚಿಲಕ ಜಡಿದೆ. ಒಳಗೆ ನಿಂತು ಕಿವಿಗೊಟ್ಟೆ. ಬಡಿಯುತ್ತಾನೆ ಎಂದುಕೊಂಡೆ. ಬಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ನಾಗರತ್ನಮ್ಮ ಕಿಟಕಿಯಲ್ಲಿ, "ನಿಮ್ಮ ಅಳಿಯ ಗೇಟಾಚೆ ಮೋರಿ ಪಕ್ಕ ಬಿದ್ದವ್ರೆ ಕಣ್ರೀ" ಎಂದಳು.

"ಬಿದ್ಕೊಂಡಿರ್ಲಿ. ಇಳಿದ ಮೇಲೆ ಎದ್ದೋಗ್ತಾನೆ."

ಮಳೆ ಹನಿಯುತ್ತಿತ್ತು. ನಾನು ಅಕ್ಕಿ ಆರಿಸಿದೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ. ಬೀದಿಯಲ್ಲಿ ಹೋಗುವವರು ಕುಡುಕ ಬಿದ್ದಿದ್ದಾನೆ ಎಂದು ಆ ಕಡೆಯಿಂದ ಸುತ್ತಿಕೊಂಡು ಹೋದರಂತೆ. ನಾನು ಹೇಳಿದ ಮೇಲೆ ಅವರು ಇನ್ನೇನು ಮಾಡುತ್ತಾರೆ?

ಆರೂಕಾಲಿಗೆ ಮಂಗಳ ಕಾರ್ಖಾನೆಯ ಬಸ್ಸಿಳಿದು ಬಂದಳು. ಬಾಗಿಲು ಒಡೆಯುವಂತೆ ತಟ್ಟಿದಳು. ತೆಗೆದರೆ ಗಂಡನ ಕಂಕುಳಿಗೆ ಕೈ ಕೊಟ್ಟು ನಿಂತಿದ್ದಾಳೆ, ಇಬ್ಬರೂ ಕೆಸರು.

"ವಾಸನೆ ಬಂತು. ನೀನೇ ಹೇಳಿದ್ದೆ" ಎಂದೆ.

"ಅಮ್ಮ, ಇವರು ಮಾತಾಡ್ತಾ ಇಲ್ಲ."

"ಕುಡಿದವ್ನೆ, ಏನ್ ಮಾತಾಡ್ತಾನೆ?"

"ಅದೇ ಕಣಮ್ಮ ಹೇಳ್ತಿರೋದು. ಇಪ್ಪತ್ತು ವರ್ಷದಲ್ಲಿ ಕುಡಿದು ಸುಮ್ಮನಿದ್ದ ದಿನ ಒಂದಿಲ್ಲ. ಕುಡಿದ್ರೆ ಬಾಯಿ ಮುಚ್ಚಲ್ಲ ಈ ಮನುಷ್ಯ. ಕಣ್ಣು ನೋಡು."

ನೋಡಿದೆ. ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ತಟತಟ ಅಲುಗುತ್ತಿದ್ದವು, ಕುದಿಯುವ ನೀರಿನಲ್ಲಿ ಕಾಳು ಅಲುಗಿದ ಹಾಗೆ. "ಇವತ್ತು ಯಾವ ವಾರ ರೀ?" ಎಂದು ಮಂಗಳ ಕೇಳಿದಳು. "ಶಿಫ್ಟ್ ಮುಗೀತು, ಬಸ್ಸು ಬರುತ್ತೆ" ಎಂದ. ಕೆಲಸ ಹೋಗಿ ಎರಡು ವರ್ಷವಾಗಿತ್ತು.

ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ಅದೇ ಹುಡುಗಿ ಡಾಕ್ಟರು ಇದ್ದರು. ಬೆರಳು ಆಡಿಸಿ ಕಣ್ಣು ನೋಡಿದರು, ನಿಲ್ಲಿಸಿ ನಡೆಸಲು ನೋಡಿದರು. ಆಮೇಲೆ ಕೇಳಿದರು: "ಆವತ್ತು ಕೊಟ್ಟ ಮಾತ್ರೆ ದಿನಾ ತಗೊಂಡಿದ್ದಾರಾ? ಊಟ ಸರಿಯಾಗಿ ಮಾಡಿದ್ದಾರಾ?"

"ದಿನಾ ಕೊಟ್ಟಿದ್ದೀವಿ ಮೇಡಂ. ಅಮ್ಮನೇ ಕೊಡ್ತಿದ್ರು" ಎಂದಳು ಮಂಗಳ.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಮಾತ್ರೆ ತಪ್ಪಿಲ್ಲ ಅಂದ್ರೆ ಬೇರೆ ಏನೋ ನೋಡ್ಬೇಕಾಗುತ್ತೆ" ಎಂದು ಚೀಟಿ ಎಳೆದುಕೊಂಡರು.

ಹೇಳಿದರೆ ಮಗಳ ಮುಂದೆ ನಾನು ಇಷ್ಟು ದಿನ ಸುಳ್ಳು ಹೇಳಿದವಳು. ಹೇಳದಿದ್ದರೆ ಇವರು ಬೇರೆ ದಾರಿಯಲ್ಲಿ ಹುಡುಕುತ್ತಾರೆ, ಇವನು ಇಲ್ಲಿ ಉಳಿಯುವುದಿಲ್ಲ. ಅವರು ಚೀಟಿಯಲ್ಲಿ ಎರಡು ಸಾಲು ಬರೆಯುವಷ್ಟು ಹೊತ್ತು ಸುಮ್ಮನಿದ್ದೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ನಿಜ, ಅದನ್ನೂ ಬರೆಯುತ್ತೇನೆ. ಆಮೇಲೆ ಹೇಳಿದೆ.

"ಕೊಟ್ಟಿಲ್ಲ. ಮೂತ್ರ ಹಳದಿಯಾಯ್ತು ಅಂತ ಮೋರಿಗೆ ಹಾಕ್ದೆ. ಬೇಳೆನೂ ಕೊಟ್ಟಿಲ್ಲ. ಬರೀ ಗಂಜಿ, ಗ್ಲೂಕೋಸು. ಮೂರು ದಿನದಿಂದ ಅದೂ ಹೊಟ್ಟೇಲಿ ನಿಂತಿಲ್ಲ."

ಡಾಕ್ಟರು ಚೀಟಿ ಪಕ್ಕಕ್ಕಿಟ್ಟು ನರ್ಸನ್ನು ಕೂಗಿದರು. "ಡ್ರಿಪ್ ಈಗಲೇ ಬೇಡ. ಮೊದಲು ವಿಟಮಿನ್ ಇಂಜೆಕ್ಷನ್, ಆಮೇಲೆ ಡ್ರಿಪ್." ಸೂಜಿ ಹೋದ ಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ನಿಂತಿದ್ದೆ. ಬೈಯಲಿಲ್ಲ.

"ಅಮ್ಮ, ಆ ಹಳದಿ ಮಾತ್ರೆಯ ಬಣ್ಣ, ಕಾಮಾಲೆಯದಲ್ಲ. ಮೈಗೆ ಬೇಕಾದಷ್ಟು ತಗೊಂಡು ಮಿಕ್ಕಿದ್ದು ಹೊರಗೆ ಹೋಗುತ್ತೆ. ಆ ಮಾತ್ರೆಯಲ್ಲಿ ಇರೋ ಒಂದು ವಿಟಮಿನ್ ಕುಡಿಯೋರ ಮೈಯಲ್ಲಿ ಇರೋದೇ ಇಲ್ಲ. ಪಾಲಿಶ್ ಅಕ್ಕಿಯಲ್ಲೂ ಇರಲ್ಲ, ತೌಡಿನ ಜೊತೆ ಹೋಗಿರುತ್ತೆ. ಅದನ್ನ ಕೊಡದೆ ಗಂಜಿ, ಗ್ಲೂಕೋಸ್ ತುಂಬಿದ್ರೆ ಇರೋ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತೆ. ಕಣ್ಣು ನಿಲ್ಲಲ್ಲ, ಕಾಲು ನಿಲ್ಲಲ್ಲ. ನೋಡೋರಿಗೆ ಕುಡಿದ ಹಾಗೇ ಕಾಣುತ್ತೆ."

"ವಾಸನೆ ಬಂತಲ್ಲ?"

"ದಿನಗಟ್ಟಲೆ ಹೊಟ್ಟೇಲಿ ಏನೂ ನಿಲ್ಲದಿದ್ರೆ ಉಸಿರು ಹಾಗೆ ಬರುತ್ತೆ. ಅದು ಹಸಿವಿನ ವಾಸನೆ."

ಮೂವತ್ತು ವರ್ಷ ಊರಿಗೆಲ್ಲ ಬಡಿಸಿದವಳು ನಾನು. ಹಸಿದು ಬಂದವರನ್ನೇ ದಿನಾ ನೋಡಿದವಳು. ಆ ವಾಸನೆ ನನಗೆ ಗೊತ್ತಿರಲಿಲ್ಲ.

ಮಂಗಳ ನನ್ನ ಮುಖ ನೋಡಲಿಲ್ಲ. ಗಂಡನ ಕಾಲಿನ ಕೆಸರು ಒರೆಸುತ್ತಲೇ ಹೇಳಿದಳು: "ನೀನು ಮನೆಗೆ ಹೋಗಮ್ಮ. ನಾಳೆ ಬರಬೇಡ."

ಶಿವಸ್ವಾಮಿ ಬದುಕಿದ. ಎರಡು ದಿನಕ್ಕೆ ಕಣ್ಣು ನಿಂತವು. ಕಾಲು ನಿಲ್ಲಲು ಐದು ತಿಂಗಳು ಬೇಕಾಯಿತು. ಈಗಲೂ ಕೋಲು ಹಿಡಿದು ಅಗಲಗಾಲಿನಲ್ಲೇ ನಡೆಯುತ್ತಾನೆ. ಆ ಒಂದು ತಿಂಗಳು ಅವನ ನೆನಪಿನಲ್ಲಿ ಇಲ್ಲ. ಕೇಳಿದರೆ ಸುಮ್ಮನಿರುವುದೂ ಇಲ್ಲ, ಏನಾದರೂ ಕಟ್ಟಿ ಹೇಳುತ್ತಾನೆ: ಆ ಆಷಾಢ ಅತ್ತೆ ದಿನಾ ಹೋಳಿಗೆ ಮಾಡಿ ಹಾಕಿದರು, ಅದು ತಿಂದೇ ಹೊಟ್ಟೆ ಕೆಟ್ಟಿತು ಎನ್ನುತ್ತಾನೆ. ಬೇಕೆಂದು ಹೇಳುವ ಸುಳ್ಳಲ್ಲ ಅದು, ಅವನು ನಂಬಿದ್ದಾನೆ. ನಾನು ಪ್ರತಿ ಸಲವೂ ತಿದ್ದುತ್ತೇನೆ, ಅವನು ಪ್ರತಿ ಸಲವೂ ಮರೆಯುತ್ತಾನೆ. ಮತ್ತೆ ಕುಡಿಯಲಿಲ್ಲವೇ ಎಂದರೆ, ಎರಡು ಸಲ ಕುಡಿದ. ಆಗ ನನ್ನ ಮೂಗು ಬೇಕಾಗಲಿಲ್ಲ, ಅವನ ಬಾಯಿಯೇ ವಠಾರಕ್ಕೆಲ್ಲ ಹೇಳಿತು. ಮಂಗಳ ಹೊರಗೆ ಹಾಕಲಿಲ್ಲ, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳು ನನ್ನ ಜೊತೆ ಸರಿಯಾಗಿ ಮಾತಾಡಲು ದೀಪಾವಳಿ ಬರಬೇಕಾಯಿತು.

ಅವನನ್ನು ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನ, ಶನಿವಾರ ಬೆಳಿಗ್ಗೆ ಐದೂವರೆಗೆ, ನಲ್ಲಿಯಲ್ಲಿ ನೀರು ಬಂತು. ಐದು ಮನೆಯ ಹೆಂಗಸರೂ ಕೊಡ ಇಟ್ಟುಕೊಂಡು ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ನಾನೇ ಸೆರಗು ಸಿಕ್ಕಿಸಿಕೊಂಡು ನಲ್ಲಿಯ ಪಕ್ಕ ನಿಂತೆ.

"ನೆನ್ನೆ ನನ್ನ ಅಳಿಯ ಕುಡಿದಿರಲಿಲ್ಲ. ಡಾಕ್ಟ್ರು ಕೊಟ್ಟ ಮಾತ್ರೆ ನಾನು ಮೋರಿಗೆ ಹಾಕಿದ್ದೆ. ಒಂದು ತಿಂಗಳು ಬರೀ ಗಂಜಿ ಕುಡಿಸಿ ಅವರ ಕಾಲು ಬೀಳಿಸ್ದೆ. ಕುಡುಕ ಅಂದಿದ್ದು ಸುಳ್ಳು."

ನಾಗರತ್ನಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಅಯ್ಯೋ ಗೌರಮ್ಮನೋರೇ, ಯಾರು ಕೇಳಿದ್ರು ಅಂತ ಇದನ್ನೆಲ್ಲ ಹೇಳ್ಕೋತೀರಿ?"

"ನೆನ್ನೆ ಕುಡುಕ ಅಂದಾಗ್ಲೂ ಯಾರೂ ಕೇಳಿರ್ಲಿಲ್ಲ."

ಅವಳು ಇನ್ನೂ ತಗ್ಗಿದ ದನಿಯಲ್ಲಿ, "ಔಷಧಿ ತಂದ್ಕೊಟ್ಟಿದ್ದು ನಾನು ಅಂತ ಆಸ್ಪತ್ರೆಯಲ್ಲಿ ಹೇಳಿಲ್ಲ ತಾನೇ?" ಎಂದಳು.

"ಅದನ್ನ ನೀವು ಬೇಕಾದ್ರೆ ಹೇಳ್ಕೊಳ್ಳಿ. ನಾನು ನನ್ನದು ಹೇಳ್ದೆ."

ಕೊಡ ತುಂಬಿ ಹರಿಯುತ್ತಿತ್ತು. ಎತ್ತಿಕೊಂಡು ಒಳಗೆ ಹೋಗಿ ಬೇಳೆ ಬೇಯಲು ಇಟ್ಟೆ, ಸೊಪ್ಪು ಬಿಡಿಸಿದೆ. ಮಗಳು ಬರಬೇಡ ಎಂದಿದ್ದಳು. ಎಂಟು ಗಂಟೆಗೆ ಊಟದ ಕ್ಯಾರಿಯರ್ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದೆ.